ಅಂಗಡಿ, ಬೋಟು, ಲಾರಿ: ಎಂಟು ಗಂಟೆಯ ನಿಯಮ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರಿಗಿದೆ?

ಸಿರ್ಸಿಯಿಂದ

ನನ್ನ ತಂಗಿ ಇಲ್ಲೇ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿಯ ಹೆಸರು ಬೇಡ, ಹೆಸರು ಹೇಳಿದರೆ ಅವಳ ಕೆಲಸ ಹೋಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮನೆಗೆ ಬರುವಾಗ ರಾತ್ರಿ ಒಂಬತ್ತು. ಏಪ್ರಿಲ್, ಮೇ ಮದುವೆ ಸೀಸನ್ನಿನಲ್ಲಿ ಹತ್ತೂವರೆ ಆಗಿದ್ದೂ ಇದೆ. ಊಟಕ್ಕೆ ಅರ್ಧ ಗಂಟೆ, ಅದೂ ಗಿರಾಕಿ ಇಲ್ಲದಿದ್ದರೆ. ಉಳಿದಷ್ಟೂ ಹೊತ್ತು ನಿಂತೇ ಇರಬೇಕು. ಕೂತರೆ ಗಿರಾಕಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲವಂತೆ.

ಮೊನ್ನೆ ರಾತ್ರಿ ಬಂದವಳು ಮೆಟ್ಟಿಲ ಮೇಲೆಯೇ ಕೂತು ಬಿಟ್ಟಳು. ಕಾಲಿನ ಮೀನಖಂಡ ಕಲ್ಲಿನಂತಾಗಿತ್ತು. ಅಮ್ಮ ಬಿಸಿನೀರು ತಂದು ಕಾಲು ಇಡಿಸಿದಳು. ಅವಳಿಗೆ 24 ವರ್ಷ.

ಶಾಲೆಯಲ್ಲಿ ಓದಿದ್ದೆ, ಜಗತ್ತೆಲ್ಲ ಸೇರಿ ಎಂಟು ಗಂಟೆ ಕೆಲಸ ಅಂತ ಒಪ್ಪಂದ ಮಾಡಿಕೊಂಡಿದೆ, ಭಾರತವೂ ಒಪ್ಪಿದೆ ಅಂತ. ಹಾಗಾದರೆ ಅದು ಸಿರ್ಸಿಯವರೆಗೆ ಯಾಕೆ ಬರಲಿಲ್ಲ? ಗೊತ್ತಿದ್ದವರು ಬಿಡಿಸಿ ಹೇಳಿ. ಬೈಗುಳ ಬೇಡ, ಮಾಹಿತಿ ಬೇಕು.

ಕಾರವಾರದ ಮೇಷ್ಟ್ರು

ಶುರುವಿನಿಂದ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ವರ್ಸೇಲ್ಸ್ ಶಾಂತಿ ಒಪ್ಪಂದ ಆಯಿತಲ್ಲ, ಅದರಲ್ಲೇ ಒಂದು ಭಾಗ ಕಾರ್ಮಿಕರ ಬಗ್ಗೆ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, ಹುಟ್ಟಿದ್ದು ಅಲ್ಲಿಂದ. ಅದರ ಮೊದಲ ಸಮ್ಮೇಳನ ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ನಡೆಯಿತು. ಅಲ್ಲಿ ಪಾಸಾದ ಒಂದನೇ ನಂಬರಿನ ಒಪ್ಪಂದವೇ ಇದು: ಕಾರ್ಖಾನೆ, ಗಣಿಯಂಥ ಕಡೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಬೇರೆ ಯಾವ ವಿಷಯಕ್ಕೂ ಮೊದಲು ಕೆಲಸದ ಗಂಟೆಯನ್ನೇ ಎತ್ತಿಕೊಂಡರು ಅನ್ನುವುದನ್ನು ಗಮನಿಸಿ. ಆಗಿನ ಕಾರ್ಮಿಕರಿಗೆ ಕೂಲಿಗಿಂತಲೂ ದೊಡ್ಡ ಹಸಿವು ಹೊತ್ತಿನದ್ದಾಗಿತ್ತು.

ನಮ್ಮ ಕಡೆಯಿಂದ ಕಾರ್ಮಿಕರ ಪ್ರತಿನಿಧಿಯಾಗಿ ಎನ್.ಎಂ. ಜೋಶಿ ಹೋಗಿದ್ದರು. 1921ರ ಜುಲೈನಲ್ಲಿ ಭಾರತ ಒಪ್ಪಂದವನ್ನು ಒಪ್ಪಿಕೊಂಡಿತು. ಇಲ್ಲಿಯವರೆಗೆ ನೀವು ಓದಿದ್ದು ಸರಿ.

ಆದರೆ ಅದೇ ಒಪ್ಪಂದದ 10ನೇ ವಿಧಿ ಓದಿ. ಬ್ರಿಟಿಷ್ ಇಂಡಿಯಾಕ್ಕೆ ವಾರಕ್ಕೆ 60 ಗಂಟೆ ಅಂತ ಬೇರೆಯೇ ಬರೆದಿದ್ದಾರೆ. ಜಪಾನಿಗೆ 57. ಚೀನಾ, ಪರ್ಷಿಯಾ (ಈಗಿನ ಇರಾನ್), ಸಯಾಮಿಗೆ (ಈಗಿನ ಥಾಯ್ಲೆಂಡ್) ಏನೂ ಅನ್ವಯವಿಲ್ಲ. ಭಾರತದ ವಿಷಯವನ್ನು ಮುಂದಿನ ಯಾವುದಾದರೂ ಸಮ್ಮೇಳನದಲ್ಲಿ ನೋಡೋಣ ಅಂತ ಬಿಟ್ಟರು. ಮೈ ಒಂದೇ, ಬೆವರು ಒಂದೇ, ನಮ್ಮವರಿಗೆ ಮಾತ್ರ ವಾರಕ್ಕೆ 12 ಗಂಟೆ ಜಾಸ್ತಿ. ಈ ವಿಧಿಯನ್ನು ಹುಡುಗರಿಗೆ ಓದಿ ಹೇಳುವಾಗ ಪ್ರತಿ ಸಲವೂ ನನಗೆ ಹೊಟ್ಟೆ ಉರಿಯುತ್ತದೆ.

ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, 1862ರಿಂದಲೇ. ಕಾರವಾರ, ಅಂಕೋಲೆ ಕಡೆಯಿಂದ ಹೊಟ್ಟೆಪಾಡಿಗೆ ಮುಂಬೈಗೆ ಹೋದವರಿದ್ದಾರೆ. ಅಲ್ಲಿನ ಮಿಲ್ಲುಗಳ ಲೆಕ್ಕವನ್ನು ಪರರ ಕಥೆ ಅಂತ ಓದಲು ನನಗೆ ಆಗುವುದಿಲ್ಲ.

ಅಂಕೋಲೆಯ ವಕೀಲೆ

ಮೇಷ್ಟ್ರು ಹೇಳಿದ್ದಕ್ಕೆ ಮುಂದಿನ ಕೊಂಡಿ ಸೇರಿಸುತ್ತೇನೆ. 1922ರ ಫ್ಯಾಕ್ಟರಿ ಕಾಯ್ದೆಯಲ್ಲಿ ದಿನಕ್ಕೆ 11, ವಾರಕ್ಕೆ 60 ಗಂಟೆ ಬಂತು. 1934ರಲ್ಲಿ ಅದು 10 ಮತ್ತು 54 ಆಯಿತು. 1946ರ ತಿದ್ದುಪಡಿಯಲ್ಲಿ 48ಕ್ಕೆ ಇಳಿಯಿತು. 1948ರ ಫ್ಯಾಕ್ಟರಿ ಕಾಯ್ದೆ ಅದನ್ನೇ ಗಟ್ಟಿ ಮಾಡಿತು: ವಾರಕ್ಕೆ 48, ದಿನಕ್ಕೆ 9, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ. ಅಂದರೆ ಜಗತ್ತು 1919ರಲ್ಲಿ ಕಾಗದದ ಮೇಲೆ ಬರೆದಿದ್ದು ನಮ್ಮ ಕಾರ್ಖಾನೆಗೆ ಬರಲು 27 ವರ್ಷ ಬೇಕಾಯಿತು.

ಸಿರ್ಸಿಯವರೆ, ನಿಮ್ಮ ತಂಗಿಯ ವಿಷಯಕ್ಕೆ ಬರುತ್ತೇನೆ. ಒಂದನೇ ಒಪ್ಪಂದದಲ್ಲಿ ಅಂಗಡಿ ಬರುವುದಿಲ್ಲ. ಅಂಗಡಿ, ಕಚೇರಿಗೆ 1930ರಲ್ಲಿ ಬೇರೆ ಒಪ್ಪಂದ ಮಾಡಿದರು, ನಂಬರ್ 30. ಅದರಲ್ಲೂ 8 ಮತ್ತು 48. ಅದನ್ನು ಭಾರತ ಇವತ್ತಿಗೂ ಒಪ್ಪಿಕೊಂಡಿಲ್ಲ. ವಾರಕ್ಕೆ 40 ಗಂಟೆ ಅನ್ನುವ 1935ರ 47ನೇ ಒಪ್ಪಂದವನ್ನೂ ಒಪ್ಪಿಲ್ಲ.

ಹಾಗಂತ ಅಂಗಡಿಯವರು ಏನು ಬೇಕಾದರೂ ಮಾಡಬಹುದು ಅಂತ ತಿಳಿಯಬೇಡಿ. ನಮ್ಮ ರಾಜ್ಯದ್ದೇ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ದಿನಕ್ಕೆ 9, ವಾರಕ್ಕೆ 48. ಅದಕ್ಕಿಂತ ಜಾಸ್ತಿ ದುಡಿಸಿದರೆ ಎರಡು ಪಟ್ಟು. ವಾರಕ್ಕೊಂದು ರಜೆ. ಐಎಲ್‌ಒ ಕಚೇರಿ ಇರುವ ಜಿನೀವಾದ ತನಕ ಹೋಗುವುದೇ ಬೇಡ, ಬೆಂಗಳೂರಿನ ಕಾಯ್ದೆಯೇ ಸಾಕು.

ಅರಬೈಲ್ ಲಾರಿ

ಕಾಯ್ದೆ ಇದೆ ಸರಿ, ನೋಡುವವರು ಯಾರು? ನಾನು 19 ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದೇನೆ. ಮಂಗಳೂರಿನಲ್ಲಿ ಲೋಡ್ ಮಾಡಿ ರಾತ್ರಿಯೆಲ್ಲ ಓಡಿಸಿ ಬೆಳಗಿನ ಜಾವ ಅರಬೈಲ್ ಘಾಟ್ ಹತ್ತುವಾಗ ಕಣ್ಣು ತೆರೆದೇ ನಿದ್ದೆ ಬರುತ್ತದೆ. ಹೌದು, ಕಣ್ಣು ತೆರೆದೇ. ಒಂದು ಸಲ ತಿರುವಿನಲ್ಲಿ ಎದುರಿನ ಬಸ್ಸಿನ ಹಾರ್ನ್ ಕೇಳಿ ಎಚ್ಚರಾಯಿತು. ಬಸ್ಸಿನಲ್ಲಿ ಮಕ್ಕಳಿದ್ದರು. ಇವತ್ತಿಗೂ ಆ ತಿರುವಿನಲ್ಲಿ ನನ್ನ ಕೈ ಬೆವರುತ್ತದೆ. ನಮಗೆ ಏನಾದರೂ ಒಪ್ಪಂದ ಇದೆಯಾ ಅಕ್ಕ?

ಅಂಕೋಲೆಯ ವಕೀಲೆ

ಇದೆ ಅಣ್ಣ. 1979ರ 153ನೇ ಒಪ್ಪಂದ ರಸ್ತೆ ಸಾರಿಗೆಯದ್ದು. ಒಂದೇ ಸಮನೆ ನಾಲ್ಕು ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ, ನಡುವೆ ಬಿಡುವು ಬೇಕು. ಓವರ್‌ಟೈಮ್ ಸೇರಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಭಾರತ ಒಪ್ಪಿಕೊಂಡಿಲ್ಲ. ಆದರೆ ನಮ್ಮಲ್ಲೇ 1961ರಿಂದ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ ಇತ್ತು, ದಿನಕ್ಕೆ 8, ವಾರಕ್ಕೆ 48. ದೂರದ ರೂಟಿಗೆ 10 ಮತ್ತು 54ರವರೆಗೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಇದೂ ಫ್ಯಾಕ್ಟರಿ ಕಾಯ್ದೆಯೂ ಸೇರಿಹೋಗಿವೆ. ಅಲ್ಲೂ ದಿನಕ್ಕೆ 8 ಗಂಟೆ ಅಂತಲೇ ಇದೆ.

ಹೊನ್ನಾವರದ ನರ್ಸ್

ಲಾರಿ ಅಣ್ಣ ಹೇಳಿದ್ದು ಓದಿ ಸುಮ್ನೆ ಇರಲು ಆಗಲಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಎಲ್‌ಒ ಸೇರಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ ಜಾಸ್ತಿ. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಜಾಸ್ತಿ. 2016 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7 ಲಕ್ಷ 45 ಸಾವಿರ ಜನ ಇದರಿಂದ ಸತ್ತರು ಅನ್ನುವ ಅಂದಾಜು. ನಮ್ಮ ವಾರ್ಡಿಗೆ ಬಾಯಿ ಸೊಟ್ಟಗಾಗಿ ಬರುವ ನಲವತ್ತೈದರ ಗಂಡಸರನ್ನು ನೋಡುವಾಗ ಬಿಪಿ ಮಾತ್ರೆ ಬಿಟ್ಟಿರಾ ಅಂತ ಕೇಳುತ್ತೇವೆ. ದಿನಕ್ಕೆ ಎಷ್ಟು ಗಂಟೆ ಕೆಲಸ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿಲ್ಲ. ಇನ್ನು ಮೇಲೆ ಕೇಳುತ್ತೇನೆ.

ಬೈತಖೋಲ ತಾಂಡೇಲ

ನಾನು ತಾಂಡೇಲ, ಅಂದರೆ ಬೋಟು ನಡೆಸುವವನು. ಈಗ ಬೋಟು ಬಂದರಿನಲ್ಲಿ ಕಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ವಾ, ಹಾಗಾಗಿ ಬರೆಯಲು ಪುರುಸೊತ್ತು ಸಿಕ್ಕಿದೆ.

ಟ್ರಾಲ್ ಬೋಟಿನಲ್ಲಿ ಕೆಲಸ ಹೇಗೆ ಅಂತ ದಡದಲ್ಲಿರುವವರಿಗೆ ಗೊತ್ತಿರುವುದಿಲ್ಲ. ಬಲೆ ಬಿಟ್ಟ ಮೇಲೆ ಎರಡು ಮೂರು ಗಂಟೆ ಎಳೆಯುತ್ತೇವೆ. ಆಮೇಲೆ ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ, ಹಾಕಿ ಬಲೆ ಮೇಲೆ ತರಬೇಕು. ಮೀನು ಡೆಕ್ಕಿನ ಮೇಲೆ ಸುರಿಯುತ್ತದೆ. ಬಲೆ ಕೂಡಲೇ ಮತ್ತೆ ನೀರಿಗೆ ಹೋಗುತ್ತದೆ. ಅದು ಅಡಿಯಲ್ಲಿ ಎಳೆಯುತ್ತಿರುವಾಗ ನಾವು ಕುಕ್ಕರುಗಾಲಲ್ಲಿ ಕೂತು ಸಿಗಡಿ ಬೇರೆ, ಬೊಂಡಾಸ್ ಬೇರೆ, ರಾಣಿ ಮೀನು ಬೇರೆ ಮಾಡಿ, ತೊಳೆದು, ಕೆಳಗಿನ ಐಸಿಗೆ ಹಾಕಬೇಕು. ಅದು ಮುಗಿಯುವಾಗ ಮುಂದಿನ ಬಲೆ ಏಳುವ ಹೊತ್ತು. ಹಗಲು ರಾತ್ರಿ ಹೀಗೆಯೇ, ಎಂಟು ಹತ್ತು ದಿನ. ನಿದ್ದೆ ಅಂದರೆ ಒಂದು ತುಂಡು ಇಲ್ಲಿ, ಒಂದು ತುಂಡು ಅಲ್ಲಿ.

ಹಿಂದಿನ ವರ್ಷ ನಮ್ಮ ಬೋಟಿನ ಒಬ್ಬ ಹುಡುಗ, ಒಡಿಶಾದವನು, ಆರನೇ ರಾತ್ರಿ ಮೂರು ಗಂಟೆಗೆ ವಿಂಚಿನ ಹತ್ತಿರ ನಿಂತೇ ತೂಕಡಿಸಿದ. ತಂತಿ ಹಗ್ಗ ಅವನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ದಡಕ್ಕೆ ಬರಲು 14 ಗಂಟೆ. ಅಷ್ಟೂ ಹೊತ್ತು ಕೈಯನ್ನು ಐಸಿನ ಪಕ್ಕ ಹಿಡಿದು ಕೂತಿದ್ದ, ಒಂದು ಸಲವೂ ಕಿರುಚಲಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿದವನು ನಾನು. ಅವನು ಅದಕ್ಕೆ ಮೊದಲು ಎಷ್ಟು ಗಂಟೆ ಮಲಗಿದ್ದ ಅಂತ ಆಸ್ಪತ್ರೆಯಲ್ಲಿ ಕೇಳಿದರು. ನನಗೆ ಹೇಳಲು ಗೊತ್ತಾಗಲಿಲ್ಲ.

ತದಡಿ ಬೋಟು

ತಾಂಡೇಲರೆ, ಓದಿ ಬೇಜಾರಾಯಿತು. ಆದರೆ ಬೋಟು ಇಟ್ಟುಕೊಂಡವನಾಗಿ ಒಂದು ಮಾತು ಹೇಳಲೇಬೇಕು. ಮೀನು ನಮ್ಮ ಗಡಿಯಾರ ನೋಡಿ ಬರುವುದಿಲ್ಲ. ಮೀನು ಸಿಕ್ಕಿದ ಹೊತ್ತಿನಲ್ಲಿ ಎಂಟು ಗಂಟೆ ಆಯಿತು ಅಂತ ಬಲೆ ಮಡಚಿದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಕಲಾಸಿಗಳಿಗೂ, ಅಂದರೆ ಬೋಟಿನ ಕೆಲಸಗಾರರಿಗೂ, ಪಾಲಿನ ಲೆಕ್ಕವೇ ಇರುವುದು. ಮೀನು ಕಮ್ಮಿಯಾದರೆ ಅವರ ಪಾಲೂ ಕಮ್ಮಿ. ಕಾರ್ಖಾನೆಯ ನಿಯಮ ತಂದು ಸಮುದ್ರಕ್ಕೆ ಹಚ್ಚಿದರೆ ನಡೆಯುತ್ತದೆಯೇ?

ಕುಮಟೆಯ ಹಡಗಿನವನು

ತದಡಿಯವರ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಇದೆ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಸರಕಿನ ಹಡಗಿನಲ್ಲಿ ಇಂಜಿನ್ ರೂಮಿನವನು. ನಮಗೂ ಸಮುದ್ರವೇ, ಬಿರುಗಾಳಿಯೇ. ನಮಗಿರುವ ನಿಯಮ 2006ರ ಕಡಲ ಕಾರ್ಮಿಕ ಒಪ್ಪಂದ. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿದೆ. ಅದರಲ್ಲಿ ವಿಶ್ರಾಂತಿಯ ಕಡೆಯಿಂದ ಲೆಕ್ಕ ಹಾಕುತ್ತಾರೆ. 24 ಗಂಟೆಯಲ್ಲಿ ಕಡಿಮೆ ಅಂದರೂ 10 ಗಂಟೆ, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ. ಆ ಹತ್ತು ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡುವ ಹಾಗಿಲ್ಲ, ಒಂದು ತುಂಡು ಆರು ಗಂಟೆಯದ್ದು ಇರಲೇಬೇಕು. ಹಡಗು ಅಪಾಯದಲ್ಲಿದ್ದರೆ ಕ್ಯಾಪ್ಟನ್ ಯಾರನ್ನು ಬೇಕಾದರೂ ಎಬ್ಬಿಸಬಹುದು, ಆಮೇಲೆ ಆ ವಿಶ್ರಾಂತಿ ತುಂಬಿಸಿ ಕೊಡಬೇಕು.

ಈ ಒಪ್ಪಂದದಿಂದ ಮೀನುಗಾರಿಕೆ ಬೋಟುಗಳನ್ನು ಹೊರಗಿಟ್ಟಿದ್ದಾರೆ. ಆದರೆ ಅವುಗಳಿಗೇ ಅಂತ 2007ರಲ್ಲಿ 188ನೇ ಒಪ್ಪಂದ ಮಾಡಿದರು. ಮೂರು ದಿನಕ್ಕಿಂತ ಜಾಸ್ತಿ ಕಡಲಲ್ಲಿರುವ ಬೋಟಿಗೆ ಅದೇ 10 ಮತ್ತು 77. ಎಂಟು ಗಂಟೆಗೆ ಬಲೆ ಮಡಚಿ ಅಂತ ಅದು ಹೇಳುವುದಿಲ್ಲ. 2017ರಿಂದ ಜಾರಿಯಲ್ಲಿದೆ, ಥಾಯ್ಲೆಂಡ್ ಒಪ್ಪಿಕೊಂಡಿದೆ, ಭಾರತ ಒಪ್ಪಿಲ್ಲ.

ಕಾರವಾರದ ಮೇಷ್ಟ್ರು

ಇದಕ್ಕೂ ಹಿಂದಿನದ್ದೊಂದು ಇದೆ. ಐಎಲ್‌ಒದ ಎರಡನೇ ಸಮ್ಮೇಳನ 1920ರಲ್ಲಿ ಇಟಲಿಯ ಜಿನೋವಾ ಬಂದರಿನಲ್ಲಿ ನಡೆಯಿತು. ಅಲ್ಲೇ ಮೀನುಗಾರರ ಕೆಲಸದ ಗಂಟೆಗೂ ಮಿತಿ ಹಾಕಿ ಅಂತ ದೇಶಗಳಿಗೆ ಶಿಫಾರಸು ಮಾಡಿದ್ದರು, 7ನೇ ನಂಬರಿನದ್ದು. ಶಿಫಾರಸು ಅಷ್ಟೇ, ಕಟ್ಟುಪಾಡು ಇಲ್ಲ. ಅಲ್ಲಿಂದ 2007ಕ್ಕೆ 87 ವರ್ಷ. ತಾಂಡೇಲರ ಬೋಟಿನ ಆ ಹುಡುಗನ ತಾತ ಹುಟ್ಟುವ ಮೊದಲೇ ಗೊತ್ತಿದ್ದ ವಿಷಯ ಇದು.

ಸಿದ್ದಾಪುರದ ಅಡಿಕೆ ಮನೆ

ನಾವು ಹೆಂಗಸರು ಅಡಿಕೆ ಸುಲಿಯಲು ಹೋಗುತ್ತೇವೆ. ಕೆಜಿ ಲೆಕ್ಕ. ಮೆಟ್ಟುಗತ್ತಿಯ ಮುಂದೆ ಬೆಳಿಗ್ಗೆ ಕೂತರೆ ಕೆಲವು ದಿನ ರಾತ್ರಿ ಹತ್ತಾಗುತ್ತದೆ. ಯಾರೂ ಬಲವಂತ ಮಾಡುವುದಿಲ್ಲ, ನಮಗೇ ನಾಲ್ಕು ಕಾಸು ಜಾಸ್ತಿ ಬರಲಿ ಅಂತ ಕೂರುತ್ತೇವೆ. ಇದಕ್ಕೆ ಗಂಟೆ ಲೆಕ್ಕ ಉಂಟಾ?

ಅಂಕೋಲೆಯ ವಕೀಲೆ

ಇಲ್ಲ ಅಕ್ಕ. ಒಂದನೇ ಒಪ್ಪಂದ ಕೃಷಿಯನ್ನು ಹೊರಗೆ ಬಿಟ್ಟಿದೆ. ಕಾರ್ಖಾನೆಯಲ್ಲಾದರೆ ಕೆಜಿ ಲೆಕ್ಕದವರಿಗೂ ಮಿತಿ ಇದೆ, ಓವರ್‌ಟೈಮ್ ಇದೆ. ನಿಮಗೆ ಇರುವುದು ಕೆಜಿಯ ದರ ಮಾತ್ರ. ಎಂಟು ಗಂಟೆ ಕೂತರೆ ಮನೆ ನಡೆಯುವಷ್ಟು ದರ ಸಿಗಬೇಕು. ಆಗ ಮಾತ್ರ ನೀವು ರಾತ್ರಿ ಹತ್ತರವರೆಗೆ ಕೂರುವುದು ನಿಜವಾಗಿ ನಿಮ್ಮ ಇಷ್ಟ ಆಗುತ್ತದೆ.

ಕುಮಟೆಯ ಹಡಗಿನವನು

ನನಗೆ ಮುಖ್ಯ ಅನ್ನಿಸಿದ್ದನ್ನು ಹಿಂದಿನ ಸಲ ಬರೆಯಲಿಲ್ಲ. ತಾಂಡೇಲರು ಹೇಳಿದರಲ್ಲ, ಹುಡುಗ ಎಷ್ಟು ಮಲಗಿದ್ದ ಅಂತ ಗೊತ್ತಾಗಲಿಲ್ಲ ಅಂತ. ನಮ್ಮ ಹಡಗಿನಲ್ಲಿ ಅದು ಗೊತ್ತಾಗುತ್ತದೆ. ತಿಂಗಳಿಗೊಂದು ಹಾಳೆ. ದಿನಕ್ಕೆ ಅರ್ಧರ್ಧ ಗಂಟೆಯ 48 ಮನೆಗಳು. ಕೆಲಸ ಮಾಡಿದ್ದಕ್ಕೆ ಗುರುತು, ಮಲಗಿದ್ದಕ್ಕೆ ಖಾಲಿ. ಕ್ಯಾಪ್ಟನ್ ಕಡೆಯ ಸಹಿ, ನಮ್ಮ ಸಹಿ, ಒಂದು ಪ್ರತಿ ನಮ್ಮ ಕೈಗೆ. ಪರದೇಶದ ಬಂದರಿಗೆ ಹೋದಾಗ ಅಲ್ಲಿನ ಇನ್‌ಸ್ಪೆಕ್ಟರ್ ಆ ಹಾಳೆ ಕೇಳುತ್ತಾನೆ.

ಸುಳ್ಳು ಬರೆಯುವುದಿಲ್ಲವೇ ಅಂದರೆ, ಬರೆಯುತ್ತಾರೆ. ನಾನೂ ಒಂದು ಹಡಗಿನಲ್ಲಿ ಹೇಳಿದಂತೆ ಬರೆದಿದ್ದೇನೆ, ಅದಕ್ಕೆ ಇವತ್ತಿಗೂ ನಾಚಿಕೆ ಇದೆ. ಆದರೆ ಸುಳ್ಳು ಹಾಳೆ ಸಿಕ್ಕಿಬೀಳುತ್ತದೆ. ಹಡಗು ಬಂದರಿಗೆ ತಾಗಿದ್ದು ರಾತ್ರಿ ಎರಡಕ್ಕೆ ಅಂತ ಲಾಗ್ ಪುಸ್ತಕದಲ್ಲಿದ್ದರೆ, ಹಗ್ಗ ಕಟ್ಟಿದವನು ಎರಡಕ್ಕೆ ಮಲಗಿದ್ದ ಅಂತ ಹಾಳೆಯಲ್ಲಿ ಹೇಗೆ ಇರುತ್ತದೆ? ಹಾಳೆಯೇ ಇಲ್ಲದ ಕಡೆ ಹಿಡಿಯಲು ಏನೂ ಇಲ್ಲ.

ಸಿರ್ಸಿಯಿಂದ

ಹಡಗಿನವರ ಮಾತು ಓದಿ ಒಂದನೇ ಒಪ್ಪಂದವನ್ನು ಮತ್ತೆ ಹುಡುಕಿ ಓದಿದೆ. 8ನೇ ವಿಧಿಯಲ್ಲಿ ಇದೇ ಇದೆ! ಕೆಲಸ ಶುರುವಾಗುವ, ಮುಗಿಯುವ ಹೊತ್ತನ್ನು ಕಾಣುವ ಕಡೆ ಬೋರ್ಡು ಹಾಕಬೇಕು. ಜಾಸ್ತಿ ದುಡಿಸಿದ ಗಂಟೆಯನ್ನು ಬರೆದಿಡಬೇಕು. 1919ರಲ್ಲೇ! ಹಾಗಾದರೆ ನಾವು ಇದನ್ನೇ ಹಿಡಿದು ಕೇಳಬಹುದಲ್ಲ?

ಅಂಕೋಲೆಯ ವಕೀಲೆ

ನಿಮ್ಮ ಉತ್ಸಾಹಕ್ಕೆ ತಣ್ಣೀರು ಹಾಕುವ ಮನಸ್ಸಿಲ್ಲ, ಆದರೆ ಸರಿಯಾಗಿ ಹೇಳಬೇಕು. ಮೇಷ್ಟ್ರು ಹೇಳಿದ ಅದೇ 10ನೇ ವಿಧಿಯಲ್ಲಿ, 60 ಗಂಟೆ ಬಿಟ್ಟು ಉಳಿದ ವಿಷಯಗಳಲ್ಲಿ ಈ ಒಪ್ಪಂದ ಭಾರತಕ್ಕೆ ಅನ್ವಯಿಸುವುದಿಲ್ಲ ಅಂತ ಇದೆ. ಹಾಗಾಗಿ 8ನೇ ವಿಧಿ ಹಿಡಿದು ಕೇಳಲು ಆಗುವುದಿಲ್ಲ. ಹೊರದೇಶಗಳ ಮುಂದೆ ಈ ಒಪ್ಪಂದದಲ್ಲಿ ನಮ್ಮ ಮಾತು ಇವತ್ತಿಗೂ 60 ಗಂಟೆಯದ್ದೇ. 48 ಅನ್ನುವುದು ನಮ್ಮದೇ ಕಾಯ್ದೆಯ ಬಲದಿಂದ ನಿಂತಿದೆ. ನಮ್ಮದೇ ಸರ್ಕಾರ ಅದನ್ನು ಅಲ್ಲಾಡಿಸಲೂಬಹುದು.

ಅಲ್ಲಾಡಿಸಿದ್ದೂ ಇದೆ. 2020ರ ಮೇ ತಿಂಗಳಲ್ಲಿ, ಕೊರೊನಾ ಹೊತ್ತಿನಲ್ಲಿ, ನಮ್ಮ ರಾಜ್ಯ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆ ಅಂತ ಆದೇಶ ಹೊರಡಿಸಿತು. ಅದೇ 60! ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ವಾಪಸ್ ತೆಗೆದುಕೊಂಡರು. ಗುಜರಾತಿನ ಇಂಥದ್ದೇ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ರದ್ದು ಮಾಡಿತು. 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಬಂತು: ವಾರದ 48 ಮೀರದೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ಓವರ್‌ಟೈಮಿನ ಮಿತಿಯನ್ನೂ ಏರಿಸಿದರು. 2025ರ ಜೂನ್‌ನಲ್ಲಿ ಅಂಗಡಿ ಕಾಯ್ದೆಗೂ 9ರ ಬದಲು 10 ಗಂಟೆಯ ಪ್ರಸ್ತಾಪ ಬಂದು, ಕಾರ್ಮಿಕ ಸಂಘಗಳು ಬೀದಿಗೆ ಇಳಿದವು.

ಒಂದು ಸಮಾಧಾನದ ವಿಷಯ: ಬೋರ್ಡು, ರಿಜಿಸ್ಟರ್ ಎರಡನ್ನೂ 1948ರ ಫ್ಯಾಕ್ಟರಿ ಕಾಯ್ದೆ ಕೇಳಿತ್ತು. ಅಂಗಡಿ ಕಾಯ್ದೆಯಲ್ಲೂ ಮಾಲೀಕರು ದಾಖಲೆ ಇಡಬೇಕು. ಇಡದಿದ್ದರೆ, ನಿಮ್ಮ ತಂಗಿ ಇಡಲಿ. ಒಂದು ಸಣ್ಣ ನೋಟ್‌ಬುಕ್ಕು. ಹೋದ ಹೊತ್ತು, ಬಂದ ಹೊತ್ತು, ಊಟದ ಹೊತ್ತು. ದಿನಾ, ಅದೇ ದಿನ ಬರೆಯಬೇಕು. ನಾಳೆ ಕಾರ್ಮಿಕ ಇಲಾಖೆಗೆ ಹೋದರೂ ಮೊದಲು ಕೇಳುವುದು ಅದನ್ನೇ.

ಕಾರವಾರದ ಮೇಷ್ಟ್ರು

ವಕೀಲೆಯವರೆ, 14 ಗಂಟೆಯಿಂದ 8 ಗಂಟೆಗೆ ಇಳಿಸಿದವರು ಡಾ. ಅಂಬೇಡ್ಕರ್ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದಲ್ಲ. ನೀವು ಕೊಟ್ಟ ವರ್ಷಗಳನ್ನು ನೋಡಿದರೆ 1934ರಲ್ಲೇ 10 ಗಂಟೆ ಇತ್ತು. ಹಾಗಾಗಿ 14ರ ಲೆಕ್ಕ ಕೂಡುವುದಿಲ್ಲ. ಆದರೆ 54ರಿಂದ 48ಕ್ಕೆ ಇಳಿಸುವ ಮಸೂದೆ 1946ರಲ್ಲಿ ಮಂಡನೆಯಾದಾಗ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು, ಮಂಡಿಸಿದವರೂ ಅವರೇ. ಆ ಆರು ಗಂಟೆಯೇ ಸಾಕಷ್ಟು ದೊಡ್ಡದು, ಅದಕ್ಕೆ ಉತ್ಪ್ರೇಕ್ಷೆ ಬೇಡ.

ಸಿರ್ಸಿಯಿಂದ

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ತಂಗಿ ಬರೆದಳು. ಎರಡು ರೂಲಿನ ಹಳೆಯ ನೋಟ್‌ಬುಕ್ಕು, ಹಿಂದಿನ ಪುಟಗಳಲ್ಲಿ ಅವಳ ಪಿಯುಸಿ ಲೆಕ್ಕಗಳಿದ್ದವು. ಮೊದಲ ವಾರ ಆರು ದಿನಕ್ಕೆ ಊಟದ ಹೊತ್ತು ಕಳೆದು 66 ಗಂಟೆ 40 ನಿಮಿಷ. 48ಕ್ಕಿಂತ 18 ಗಂಟೆ 40 ನಿಮಿಷ ಜಾಸ್ತಿ. ಬ್ರಿಟಿಷ್ ಇಂಡಿಯಾದ ಆ 60ಕ್ಕಿಂತಲೂ ಜಾಸ್ತಿ. ನಾನು ಎರಡು ಸಲ ಕೂಡಿಸಿ ನೋಡಿದೆ.

ಅವಳ ಜೊತೆಯ ಇನ್ನಿಬ್ಬರು ಹುಡುಗಿಯರೂ ಬರೆಯಲು ಶುರು ಮಾಡಿದರು. ಮೂರೂ ಪುಸ್ತಕ ಹಿಡಿದು ಮಾಲೀಕರ ಹತ್ತಿರ ಹೋದರು, ಜಗಳಕ್ಕಲ್ಲ. ಅವರು ತುಂಬಾ ಹೊತ್ತು ಪುಟ ತಿರುಗಿಸಿದರಂತೆ. ಇಷ್ಟಾಗುತ್ತದೆ ಅಂತ ನಾನೂ ಲೆಕ್ಕ ಹಾಕಿರಲಿಲ್ಲ ಅಂದರಂತೆ. ಈಗ ಎರಡು ತಂಡ ಮಾಡಿದ್ದಾರೆ. ಒಂದಕ್ಕೆ ಒಂಬತ್ತರಿಂದ ಆರೂವರೆ, ಇನ್ನೊಂದಕ್ಕೆ ಹನ್ನೊಂದರಿಂದ ಎಂಟೂವರೆ. ಊಟಕ್ಕೆ ಒಂದು ಗಂಟೆ. ಕೂಡಿಸಿದರೆ ವಾರಕ್ಕೆ 51, ಇನ್ನೂ 48 ಆಗಿಲ್ಲ. ಹಿಂದಿನ ಓವರ್‌ಟೈಮಿನ ದುಡ್ಡಿನ ಮಾತು ಎತ್ತಿದರೆ ಸುಮ್ಮನಾಗುತ್ತಾರೆ. ಕೌಂಟರಿನ ಹಿಂದೆ ಎರಡು ಸ್ಟೂಲು ಬಂದಿವೆ. ಅಂಗಡಿಯವರು ಕೂರಲು ಅವಕಾಶ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ಮಾಡಿವೆ ಅಂತ ಹೇಳಿದ್ದು ಉಪಯೋಗಕ್ಕೆ ಬಂತು.

ಪುಸ್ತಕ ಬರೆಯುವುದನ್ನು ನಿಲ್ಲಿಸಬೇಡ ಅಂತ ಹೇಳಿದ್ದೇನೆ. ಮುಂದಿನ ಮದುವೆ ಸೀಸನ್ ಬರಲಿದೆ.

ತದಡಿ ಬೋಟು

ಹಡಗಿನವರೆ, ಆ 48 ಮನೆಯ ಹಾಳೆಯ ಫೋಟೋ ಒಂದು ಹಾಕುತ್ತೀರಾ? ನಮ್ಮ ಬೋಟಿನಲ್ಲಿ ಎಂಟು ಜನ. ಇಬ್ಬಿಬ್ಬರನ್ನು ಸರದಿಯಲ್ಲಿ ಆರು ಗಂಟೆ ಮಲಗಿಸಲು ಆಗುತ್ತದೋ ನೋಡಬೇಕು. ಮೀನು ಬೇರೆ ಮಾಡುವಾಗ ಕೈ ಕಮ್ಮಿಯಾಗುತ್ತದೆ, ಒಂದು ಬಲೆ ತಡವಾಗಬಹುದು. ಆದರೆ ವಿಂಚಿನ ಹತ್ತಿರ ನಿಲ್ಲುವವನಾದರೂ ಮಲಗಿ ಎದ್ದವನಾಗಿರಬೇಕು.

ಕುಮಟೆಯ ಹಡಗಿನವನು

ಇವತ್ತು ರಾತ್ರಿಯೇ ಹಾಕುತ್ತೇನೆ. ಇಂಗ್ಲಿಷ್ ತಲೆಬರಹ ತೆಗೆದು ಕನ್ನಡದಲ್ಲಿ ಗೆರೆ ಹೊಡೆದು ಕೊಡುತ್ತೇನೆ. ಹೆಸರಿನ ಕಡೆ ಒಡಿಯಾದಲ್ಲೂ ಬರೆಸಿಕೊಳ್ಳಿ, ಹುಡುಗರಿಗೆ ತಮ್ಮ ಸಾಲು ಯಾವುದು ಅಂತ ಗೊತ್ತಾಗಬೇಕು.

ಬೈತಖೋಲ ತಾಂಡೇಲ

ನನಗೂ ಒಂದು ಕೊಡಿ. ಆಗಸ್ಟ್ 1ಕ್ಕೆ ಬೋಟು ನೀರಿಗೆ ಇಳಿಯುತ್ತದೆ. ಹಾಳೆ ಒದ್ದೆಯಾಗಬಾರದು ಅಂತ ಕ್ಯಾಬಿನ್ನಿನ ಒಳಗೆ, ಜಿಪಿಎಸ್ ಪಕ್ಕದಲ್ಲಿ, ಪ್ಲಾಸ್ಟಿಕ್ ಚೀಲ ಮೊಳೆ ಹೊಡೆದು ಇಟ್ಟಿದ್ದೇನೆ. ಪೆನ್ಸಿಲಿಗೆ ದಾರ ಕಟ್ಟಿದ್ದೇನೆ. ಆ ಹುಡುಗ ಈ ಸಲವೂ ಬರುತ್ತೇನೆ ಅಂತ ಫೋನ್ ಮಾಡಿದ್ದ. ಬಲೆಯ ಕೆಲಸ ಅವನಿಗೆ ಆಗುವುದಿಲ್ಲ. ಹಾಳೆ ತುಂಬುವ ಕೆಲಸ ಅವನಿಗೇ ಅಂತ ಹೇಳಿದ್ದೇನೆ. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾನಂತೆ.